ಗುಳೇದಗುಡ್ಡದ ಲ್ಯಾಪ್‌ಟಾಪ್

ಮೂರನೆಯ ಲ್ಯಾಪ್‌ಟಾಪ್ ಕೂಡ ಎಚ್ಚರಗೊಳ್ಳಲಿಲ್ಲ.

ತೇಜಸ್ವಿನಿ ಗುಂಡಿ ಒತ್ತಿದಾಗ ಅಂಚಿನಲ್ಲಿ ಚಿಕ್ಕ ದೀಪವೊಂದು ಹೊತ್ತಿಕೊಂಡಿತು. ಒಳಗಿನ ಫ್ಯಾನು ಗರಗರ ಎಂದು ಒಂದಷ್ಟು ಹೊತ್ತು ತಿರುಗಿತು. ಪರದೆ ಕಪ್ಪಾಗಿಯೇ ಉಳಿಯಿತು. ಆಮೇಲೆ ಫ್ಯಾನೂ ನಿಂತಿತು, ದೀಪವೂ ಆರಿತು. ಅವಳು ಮತ್ತೆ ಒತ್ತಲಿಲ್ಲ. ಹಿಂದಿನ ಎರಡು ಯಂತ್ರಗಳನ್ನು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡಿದ್ದಳು.

"ನಾ ಮೊದಲ ಹೇಳಿದ್ದೆ ಮೇಡಮ್ಮಾರ, ಇವು ನೋಡಾಕ ಇಟ್ಟ ಸಾಮಾನು. ಚಾಲೂ ಆಗ್ತಾವ ಅಂತ ನಾ ಎಂದೂ ಅಂದಿಲ್ಲ" ಎಂದ ಎದುರಿಗೆ ಕುಳಿತಿದ್ದ ಕಿಶೋರ ಪತ್ತಾರ. ಹಳೆಯ ಯಂತ್ರಗಳನ್ನು ಊರೂರು ಸುತ್ತಿ ಹುಡುಕಿ ತಂದು ಮಾರುವ ದಲ್ಲಾಳಿ ಅವನು.

ಮಡಚುವ ಲ್ಯಾಪ್‌ಟಾಪ್‌ಗಳು ತಯಾರಾಗುವುದು ನಿಂತು ಆಗಲೇ ಒಂದು ತಲೆಮಾರು ಕಳೆದಿತ್ತು. ಈಗ ಎಲ್ಲರ ಕೈಯಲ್ಲೂ ಇದ್ದದ್ದು ಪಾಟಿ. ನೋಡಲು ತೆಳುವಾದ ಗಾಜಿನ ತುಂಡು; ಅದರೊಳಗೆ ಅದರದೇ ಅನ್ನುವುದು ಏನೂ ಇರಲಿಲ್ಲ. ಲೆಕ್ಕ, ಚಿತ್ರ, ಪತ್ರ ಎಲ್ಲವೂ ಎಲ್ಲೋ ದೂರದ ಭಂಡಾರಗಳಲ್ಲಿ ಸಿದ್ಧವಾಗಿ ಗಾಜಿನ ಮೇಲೆ ಮೂಡುತ್ತಿದ್ದವು. ಹಳೆಯ ಲ್ಯಾಪ್‌ಟಾಪ್‌ಗಳನ್ನು ದೊಡ್ಡ ಹೋಟೆಲಿನವರು, ಶ್ರೀಮಂತರು ಕೊಂಡು ಗಾಜಿನ ಕಪಾಟಿನಲ್ಲಿ ಇಡುತ್ತಿದ್ದರು. ಕೀಲು ಬಿಗಿಯಾಗಿದ್ದು, ಕೀಲಿಗಳ ಮೇಲಿನ ಅಕ್ಷರ ಅಳಿಯದೆ ಇದ್ದರೆ ಬೆಲೆ ಏರುತ್ತಿತ್ತು. ಅವು ನಡೆಯುತ್ತವೆಯೋ ಇಲ್ಲವೋ ಯಾರಿಗೂ ಬೇಕಿರಲಿಲ್ಲ.

ತೇಜಸ್ವಿನಿಗೆ ಅದೊಂದೇ ಬೇಕಿತ್ತು. ಹುಬ್ಬಳ್ಳಿಯ ಒಂದು ಸಣ್ಣ ಶ್ರವಣ ಕೇಂದ್ರದಲ್ಲಿ ಕಿವಿಯ ತಜ್ಞೆ ಅವಳು. ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ 'ನಿನಾದ' ಎಂಬ ಕಂಪನಿ ಹುಟ್ಟು ಕಿವುಡಿದ್ದ ಮಕ್ಕಳ ಕಿವಿಯೊಳಗೆ ಕೂದಲಿನಷ್ಟು ಸಣ್ಣ ತಂತಿಗಳನ್ನು ಕೂಡಿಸಿತ್ತು. ಕಿವಿಯ ಹಿಂದೆ ಧರಿಸುವ ಒಂದು ಬಿಲ್ಲೆ ಹೊರಗಿನ ಸದ್ದನ್ನು ಹಿಡಿದು, ಈ ತಂತಿಗಳ ಮೂಲಕ ನರಕ್ಕೆ ವಿದ್ಯುತ್ತಿನ ಸಣ್ಣ ಮಿಡಿತಗಳಾಗಿ ಕಳಿಸುತ್ತಿತ್ತು. ಯಾವ ತಂತಿಗೆ ಎಷ್ಟು ವಿದ್ಯುತ್ತು ಅನ್ನುವುದು ಒಬ್ಬೊಬ್ಬರಿಗೂ ಬೇರೆ. ಕಡಿಮೆಯಾದರೆ ಏನೂ ಕೇಳದು, ಹೆಚ್ಚಾದರೆ ನರವೇ ಸುಟ್ಟೀತು. ತಂತಿಯ ಸುತ್ತ ಮಾಂಸ ಬೆಳೆಯುತ್ತ ಹೋದಂತೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಶ್ರುತಿ ಕೂಡಿಸಬೇಕು.

ಆ ಶ್ರುತಿ ಕೂಡಿಸುವ ಸಾಫ್ಟ್‌ವೇರನ್ನು ಕಂಪನಿಯವರು ಒಂದು ಮಾದರಿಯ ಲ್ಯಾಪ್‌ಟಾಪಿಗೆ ಬೀಗ ಹಾಕಿ ಕಟ್ಟಿಟ್ಟಿದ್ದರು. ಆ ಮಾದರಿಯ ಚಿಪ್ ಕಾಣದಿದ್ದರೆ ಅದು ತೆರೆಯುವುದೇ ಇಲ್ಲ. ಅಡ್ಡಾದಿಡ್ಡಿ ಕೈಗೆ ಸಿಕ್ಕು ಯಾರ ನರವೂ ಸುಡದಿರಲಿ ಎಂದು ಮಾಡಿದ ಏರ್ಪಾಡು. ಆಗ ಅದು ಸರಿಯಾಗಿಯೇ ಇತ್ತು. ಆಮೇಲೆ ಕಂಪನಿ ಮುಳುಗಿತು. ಕೇಂದ್ರದಲ್ಲಿದ್ದ ಲ್ಯಾಪ್‌ಟಾಪ್ ಎರಡು ವರ್ಷದ ಹಿಂದೆ ಸುಟ್ಟುಹೋಯಿತು. ತೇಜಸ್ವಿನಿ ಅದರೊಳಗಿನ ಡಿಸ್ಕನ್ನು ಮಾತ್ರ ಉಳಿಸಿಕೊಂಡಿದ್ದಳು. ಸಾಫ್ಟ್‌ವೇರು ಕೈಯಲ್ಲಿದೆ, ಅದನ್ನು ನಡೆಸುವ ಯಂತ್ರವಿಲ್ಲ. ಹೊಸ ಶಸ್ತ್ರಚಿಕಿತ್ಸೆಯ ಮಾತೂ ಇರಲಿಲ್ಲ. ಹಳೆಯ ತಂತಿ ಎಳೆದರೆ ನರವೂ ಅದರ ಜೊತೆಗೇ ಬರುತ್ತಿತ್ತು. ಹೀಗೆ ತಂತಿ ಹೊತ್ತ ಮುನ್ನೂರು ಜನ ಸಂಘ ಕಟ್ಟಿ, ನಡೆಯುವ ಯಂತ್ರ ಕೊಳ್ಳಲೆಂದು ಹಣ ಕೂಡಿಸಿ ತೇಜಸ್ವಿನಿಯ ಕೈಗೆ ಕೊಟ್ಟಿದ್ದರು.

ಕಪಾಟಿನಲ್ಲಿ ಇಟ್ಟ ಯಂತ್ರಗಳು ಏಳದಿರಲು ಕಾರಣ ಸರಳವಾಗಿತ್ತು. ಎಚ್ಚರವಾದೊಡನೆ ಏನು ಮಾಡಬೇಕೆಂಬ ಮೊದಲ ಪಾಠವನ್ನು ಲ್ಯಾಪ್‌ಟಾಪು ಒಂದು ಚಿಪ್‌ನೊಳಗೆ ಚೂರು ಚೂರು ವಿದ್ಯುತ್ತಾಗಿ ಹಿಡಿದಿಟ್ಟುಕೊಂಡಿರುತ್ತದೆ. ದಶಕಗಟ್ಟಲೆ ಸುಮ್ಮನೆ ಬಿಟ್ಟರೆ ಆ ವಿದ್ಯುತ್ತು ಸೋರಿಹೋಗುತ್ತದೆ. ಆಮೇಲೆ ಅದು ಚೆಂದದ ಪೆಟ್ಟಿಗೆ, ಅಷ್ಟೇ.

"ನಿಮ್ಮ ಸಂಘದವರ ರೊಕ್ಕ ಸುಮ್ನ ಹಾಳಾತು ನೋಡ್ರಿ" ಎಂದ ಕಿಶೋರ, ಯಂತ್ರವನ್ನು ಬಟ್ಟೆಯಲ್ಲಿ ಸುತ್ತುತ್ತ. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. "ಇದೇ ಮಾದರಿದು ನಡಿಯೂದು ಒಂದು ಐತ್ರಿ. ಗುಳೇದಗುಡ್ಡದಾಗ. ಒಬ್ಬ ಹೆಣ್ಮಗಳ ಮಗ್ಗಕ್ಕ ಹಚ್ಯಾಳ. ನಾ ಕೇಳಿ ನೋಡೀನಿ, ಮಾರಾಂಗಿಲ್ಲ ಅಂದ್ಲು. ಪುಣೆದಾಗ ಒಬ್ರು ಮ್ಯೂಸಿಯಂ ಮಾಡಾಕತ್ಯಾರ. ನಡಿಯೂದು ಸಿಕ್ರ ಬಾಯಿಗೆ ಬಂದಷ್ಟು ಕೊಡ್ತೀನಿ ಅಂತಾರ. ನೀವು ಹೋಗೂದಿದ್ರ ಲಗೂ ಹೋಗ್ರಿ."

*

ತೇಜಸ್ವಿನಿಯ ಗಂಡ ನಿರಂಜನ ಹಳೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದ. ಐದನೆಯ ವಯಸ್ಸಿನಲ್ಲಿ 'ನಿನಾದ'ದ ತಂತಿ ಕೂಡಿಸಿಕೊಂಡವರಲ್ಲಿ ಅವನೂ ಒಬ್ಬ. ಅವರಿಬ್ಬರ ಪರಿಚಯವಾದದ್ದೂ ಅದೇ ಕೇಂದ್ರದಲ್ಲಿ, ಅವನು ಶ್ರುತಿ ಕೂಡಿಸಿಕೊಳ್ಳಲು ಬಂದಾಗ.

ಕಳೆದ ಒಂದು ವರ್ಷದಿಂದ ಅವನ ಕಿವಿಗೆ ಮಾತೆಲ್ಲ ತಗಡು ಕೆರೆದಂತೆ ಕೇಳುತ್ತಿತ್ತು. ತಟ್ಟೆ ಇಟ್ಟರೆ ತಲೆಗೆ ಮೊಳೆ ಹೊಡೆದಂತೆ. ಕೊನೆಗೆ ಅವನು ಕಿವಿಯ ಹಿಂದಿನ ಬಿಲ್ಲೆ ತೆಗೆದು ಡಬ್ಬಿಯಲ್ಲಿಟ್ಟ. ಪಾಟಿಯೇನೋ ಎದುರಿನವರ ಮಾತನ್ನು ಅಕ್ಷರ ಮಾಡಿ ತೋರಿಸುತ್ತಿತ್ತು. ಆದರೆ ಒಲೆಯ ಮುಂದೆ ನಿಂತು ಎರಡೂ ಕೈಯಲ್ಲಿ ಕೆಲಸವಿರುವವನು ಅಕ್ಷರ ಓದುವುದು ಯಾವಾಗ? ಗಿರಾಕಿಗಳು ನಗೆಚಾಟಿಕೆ ಮಾಡಿ ನಕ್ಕು ಮುಗಿಸಿದ ಮೇಲೆ ಅವನು ಓದಿ ನಗುತ್ತಿದ್ದ. ಬರಬರುತ್ತ ನಗುವುದನ್ನೂ ಬಿಟ್ಟ.

ಅವತ್ತು ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ತೇಜಸ್ವಿನಿ ಹೋದಾಗ ಅವನ ಬಲಗೈಗೆ ಬಟ್ಟೆ ಸುತ್ತಿತ್ತು.

"ಏನಾತು?" ಎಂದು ಕೈಸನ್ನೆ ಮಾಡಿದಳು.

"ಎಣ್ಣಿ. ಹಿಂದ ಯಾರೋ 'ಸರೀರಿ' ಅಂದಾರಂತ. ನನಗೇನ್ ಗೊತ್ತು?" ಎಂದ. ಕೇಳಿಸದವನ ಮಾತು ಸ್ವಲ್ಪ ಜೋರಾಗಿಯೇ ಇತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಗಸರು ತಿರುಗಿ ನೋಡಿದರು.

ಅವಳು ಪಾಟಿಯಲ್ಲಿ ಬರೆದು ತೋರಿಸಿದಳು, ಮೂರನೆಯದೂ ಏಳಲಿಲ್ಲ ಎಂದು. ಅವನು ಓದಿ ತಲೆ ಅಲ್ಲಾಡಿಸಿದ. ಅವಳಿಗೆ ಒಂದು ತಟ್ಟೆ ಬಡಿಸಿ ಮುಂದಿಟ್ಟ.

"ಉಣ್ಣು. ನಿನ್ನ ಮಾರಿ ನೋಡಿದ್ರ ನೀನ ಚಾಲೂ ಆಗಂಗಿಲ್ಲ ಅನ್ನಂಗ ಆಗೇತಿ."

ಅವಳು ಉಂಡಳು. ಎದುರು ಬದುರು ಕುಳಿತಿದ್ದರೂ ಇಬ್ಬರ ನಡುವೆ ಹೇಳಬೇಕಾದ್ದು ಇನ್ನೇನೂ ಇಲ್ಲದಂತೆ ಆಗಿತ್ತು. ಬರೆಯುವಷ್ಟು ಮಹತ್ವದ್ದು ಇದ್ದರೆ ಮಾತ್ರ ಬರೆಯುತ್ತಾರೆ. ಸಂಸಾರದ ಮಾತುಗಳಲ್ಲಿ ಹೆಚ್ಚಿನವು ಬರೆಯುವಷ್ಟು ಮಹತ್ವದವಲ್ಲ. ಅವೇ ನಿಂತುಹೋಗಿದ್ದವು.

*

ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಬಸ್ಸಿನಿಂದಿಳಿದು ನಡೆದು ಬರುವಾಗಲೇ ತೇಜಸ್ವಿನಿಯ ಅಂಗಾಲಿಗೆ ನೆಲ ನಡುಗುವುದು ತಿಳಿಯುತ್ತಿತ್ತು. ಎರಡೂ ಕಡೆ ಮಗ್ಗದ ಮನೆಗಳು. ಅನ್ನಪೂರ್ಣಾ ರಾಜನಾಳ ಎಂಬ ಆ ಹೆಂಗಸು ಬಾಗಿಲಲ್ಲೇ ನಿಂತಿದ್ದಳು. ಅರವತ್ತರ ಹತ್ತಿರದ ವಯಸ್ಸು, ಕನ್ನಡಕ ಹಣೆಯ ಮೇಲೆ.

"ಬರ್ರಿ, ಕುಂದ್ರಿ. ನೀರು ಕುಡೀರಿ ಮೊದಲ" ಎಂದಳು.

ಒಳಗೆ ಎತ್ತರದ ಮಗ್ಗವೊಂದು ಕುಪ್ಪಸದ ಖಣ ನೇಯುತ್ತಿತ್ತು. ಮೇಲಿನ ಚೌಕಟ್ಟಿನಿಂದ ಸಾವಿರಾರು ದಾರಗಳು ಇಳಿದು, ಉದ್ದಕ್ಕೆ ಚಾಚಿದ ಹಾಸಿನ ಎಳೆಗಳನ್ನು ಎತ್ತುತ್ತಿದ್ದವು. ಯಾವ ಸಾಲಿಗೆ ಯಾವ ಎಳೆ ಏಳಬೇಕೆಂದು ಹೇಳುತ್ತಿದ್ದದ್ದು ಪಕ್ಕದ ಸ್ಟೂಲಿನ ಮೇಲಿದ್ದ ಲ್ಯಾಪ್‌ಟಾಪು. ಅದರ ಕೀಲು ಮುರಿದು ಪರದೆಯನ್ನು ನೂಲಿನಿಂದ ಗೋಡೆಯ ಮೊಳೆಗೆ ಕಟ್ಟಿದ್ದರು. ಕೀಲಿಗಳ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ. ಬಿಸಿಯಾಗದಿರಲೆಂದು ಅದರ ಮುಂದೆ ಒಂದು ಟೇಬಲ್ ಫ್ಯಾನು. ಇಬ್ಬರು ಹೆಂಗಸರು ಎಳೆ ತುಂಡಾದಲ್ಲಿ ಹೊಸೆದು ಕೂಡಿಸುತ್ತ ಅತ್ತಿತ್ತ ಓಡಾಡುತ್ತಿದ್ದರು.

ತೇಜಸ್ವಿನಿ ತಾನು ಬಂದ ಕಾರಣವನ್ನು ಮುಚ್ಚಿಡದೆ ಹೇಳಿದಳು. ಗಂಡನ ವಿಷಯವನ್ನೂ ಹೇಳಿದಳು.

"ಒಮ್ಮೆ ನನ್ನ ಡಿಸ್ಕ್ ಹಚ್ಚಿ ನೋಡ್ಲೇನ್ರಿ?"

ಅನ್ನಪೂರ್ಣಾ ಸ್ವಲ್ಪ ಯೋಚಿಸಿ ಮಗ್ಗ ನಿಲ್ಲಿಸಲು ಸನ್ನೆ ಮಾಡಿದಳು. ತೇಜಸ್ವಿನಿ ತನ್ನ ಚೀಲದಿಂದ ಡಿಸ್ಕು ತೆಗೆದು ತಂತಿ ಜೋಡಿಸಿದಳು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ನೀಲಿ ಬಣ್ಣದ ಶಂಖದ ಗುರುತು ಮೂಡಿತು. 'ನಿನಾದ'. ಅದರ ಕೆಳಗೆ ತಂತಿಗಳ ಮಟ್ಟ ತೋರಿಸುವ ಕಂಬಗಳು ಒಂದರ ಪಕ್ಕ ಒಂದು ಎದ್ದು ನಿಂತವು. ಎರಡು ವರ್ಷದಿಂದ ಅವಳು ಆ ಪರದೆ ನೋಡಿರಲಿಲ್ಲ. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು.

"ನಿಮ್ಮ ಮಾರಿ ನೋಡಿದ್ರ ನಾ ಈಗ ಬೇಕಾದಷ್ಟು ರೇಟ್ ಹೇಳಬಹುದು, ತಂಗಿ" ಎಂದಳು ಅನ್ನಪೂರ್ಣಾ. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

"ಹೇಳ್ರಿ ಅಕ್ಕಾರ. ನಮ್ಮ ಸಂಘದ್ದು ಉಳಿದಿದ್ದೆಲ್ಲಾ ಕೊಡ್ತೀವಿ. ಒಂದು ಹೊಸಾ ಮಗ್ಗ ಬರ್ತೈತಿ ಅದರಾಗ."

"ಹೊಸಾ ಮಗ್ಗ ಅಂದ್ರ ಪಾಟಿ ಮಗ್ಗ ಹೌದಲ್ರಿ? ಅದರಾಗ ನಾ ಒಂದು ಹೂವು ಬರದ್ರ ಅದು ಭಂಡಾರಕ್ಕ ಹೋಗ್ತೈತಿ. ನಾಳಿ ಅದೇ ಹೂವು ನಾ ನೇಯಬೇಕಂದ್ರ ಕಂಪನಿಗೆ ಬಾಡಿಗಿ. ಈ ಓಣ್ಯಾಗ ಎಲ್ಲಾರೂ ಅದನ್ನ ಕಟ್ಟಾಕತ್ಯಾರ. ಸೂಜಿಮಲ್ಲಿಗಿ, ಆನಿಹೆಜ್ಜಿ, ನಮ್ಮವ್ವ ಕೈಲೆ ಬರದದ್ದು, ಎಲ್ಲಾ ಈ ಮುರುಕ ಪೆಟಗ್ಯಾಗ ಐತಿ. ಹಿಂಗಾಗಿ ಇನ್ನೂ ಅವು ನನ್ನವು ಅದಾವ."

"ಹಂಗಾರ ನಮ್ಮವರನ್ನ ಇಲ್ಲೇ ಕರಕೊಂಡು ಬರ್ಲೇನ್ರಿ? ಒಬ್ಬೊಬ್ಬರನ್ನ?"

ಕೇಳುವಾಗಲೇ ಉತ್ತರ ಅವಳಿಗೆ ಗೊತ್ತಿತ್ತು. ಶ್ರುತಿ ಕೂಡಿಸುವುದೆಂದರೆ ಕೇಳುವುದೋ ಇಲ್ಲವೋ ಅನ್ನುವಷ್ಟು ಸಣ್ಣ ಸದ್ದಿನಿಂದ ಶುರುಮಾಡಿ ಅಳೆಯುತ್ತ ಹೋಗುವ ಕೆಲಸ. ನಿಶ್ಶಬ್ದ ಕೋಣೆ ಬೇಕು, ಒಬ್ಬೊಬ್ಬರೂ ಹಲವು ಸಲ ಕೂರಬೇಕು. ಈ ಮನೆಯ ಮಗ್ಗ ನಿಂತಿದ್ದರೂ ಪಕ್ಕದ ಮನೆಗಳ ಮಗ್ಗಗಳಿಂದ ಕೈಯಲ್ಲಿದ್ದ ಲೋಟದ ನೀರು ನಡುಗುತ್ತಿತ್ತು. ಅನ್ನಪೂರ್ಣಾ ಲೋಟದ ಕಡೆ ನೋಡಿದಳು.

"ಪುಣೆದವ್ರು ಈ ಮನಿ ಹೊಸದಾಗಿ ಕಟ್ಟಿಸುವಷ್ಟು ಕೊಡ್ತೀನಂತಾರ" ಎಂದಳು ಕಡೆಗೆ. "ಆಶಾ ಆಗಿಲ್ಲ ಅಂತ ಸುಳ್ಳು ಹೇಳಂಗಿಲ್ಲ. ಆದ್ರ ಈ ಇಬ್ಬರು ಎಲ್ಲಿ ಹೋಗ್ಬೇಕ್ರಿ? ನಾನರ ದಿನಾ ಮುಂಜಾನಿ ಎದ್ದು ಏನ್ ಮಾಡ್ಲಿ? ರೊಕ್ಕ ಎಣಿಸ್ಕೋತ ಕುಂದ್ರಲೇನು? ನನಗ ಮಗ್ಗ ನಿಲ್ಲಬಾರ್ದು. ನಮ್ಮ ಹೂವು ನಮ್ಮ ಮನ್ಯಾಗ ಇರಬೇಕು. ಇವೆರಡೂ ಆಗೂದಿದ್ರ ಈ ಪೆಟಗಿ ಸುಮ್ನ ತಗೊಂಡು ಹೋಗ್ರಿ. ಆಗದಿದ್ರ ನೀವು ಚಿನ್ನ ತಂದು ಸುರುವಿದ್ರೂ ಅಷ್ಟ."

*

ತಿರುಗಿ ಬರುವ ಬಸ್ಸಿನಲ್ಲಿ ತೇಜಸ್ವಿನಿ ಆ ಬೆಲೆಯ ಬಗ್ಗೆಯೇ ಯೋಚಿಸಿದಳು. ಹಣವಾದರೆ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಮುನ್ನೂರು ಜನರ ಮುಂದೆ ಜೋಳಿಗೆ ಹಿಡಿಯಬಹುದು, ಸಾಲ ಮಾಡಬಹುದು. ಇದು ಹಾಗಲ್ಲ. ಒಬ್ಬಳ ಜೀವನವನ್ನು ಒಂದು ಯಂತ್ರದಿಂದ ಬಿಡಿಸಿ ಇನ್ನೊಂದಕ್ಕೆ ಕಟ್ಟಿಕೊಡಬೇಕು, ಅದೂ ಎಳೆ ಹರಿಯದ ಹಾಗೆ. ಅದಕ್ಕೆಷ್ಟು ಕಾಲ ಹಿಡಿದೀತು? ಅಷ್ಟರಲ್ಲಿ ಆ ಮುರುಕು ಪೆಟ್ಟಿಗೆ ಮಗ್ಗದ ಪಕ್ಕದಲ್ಲೇ ಸುಟ್ಟುಹೋದರೆ? ಹೆಚ್ಚು ಹಣ ತೋರಿಸಿ ಅವಳ ಮನಸ್ಸು ತಿರುಗಿಸುವುದೇ ಸುಲಭವಲ್ಲವೇ? ಆಶೆ ಆಗಿದೆ ಎಂದು ಅವಳೇ ಹೇಳಿದ್ದಾಳೆ. ಇನ್ನೆರಡು ಸಲ ಹೋಗಿ ಕೂತರೆ ಒಪ್ಪಿಯಾಳು. ಆ ಇಬ್ಬರು ಹೆಂಗಸರಿಗೂ ಒಂದಿಷ್ಟು ಕೊಟ್ಟರಾಯಿತು.

ಹಾಗೆ ಮಾಡಿದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವಳಿಗೇ ಯಾಕೋ ಒಗ್ಗಲಿಲ್ಲ. 'ನಿನಾದ'ದವರು ಅಂಗಡಿ ಮುಚ್ಚಿ ಹೋದಾಗ ಎಲ್ಲರಿಗೂ ಒಂದಿಷ್ಟು ಪರಿಹಾರ ಕೊಟ್ಟೇ ಹೋಗಿದ್ದರು.

ಸಂಘದ ಸಭೆಯಲ್ಲಿ ಈ ಮಾತಿಟ್ಟಾಗ ಗದ್ದಲವಾಯಿತು. ಪಾಟಿಯ ಮೇಲೆ ಮುಖಗಳು, ಅವುಗಳ ಕೆಳಗೆ ಅಕ್ಷರಗಳು. ಪುಣೆಯವರಿಗಿಂತ ಹೆಚ್ಚಿಗೆ ಕೊಟ್ಟು ಎತ್ತಿಕೊಂಡು ಬನ್ನಿ ಎಂದರು ಕೆಲವರು. ಅವಳ ಮಗ್ಗ ರಿಪೇರಿ ಮಾಡುವುದು ನಮ್ಮ ಕೆಲಸವೇ ಎಂದರು ಇನ್ನು ಕೆಲವರು. ಗದಗಿನ ಒಬ್ಬಾಕೆ, ಶಾಲೆಯಲ್ಲಿ ಪಾಠ ಹೇಳುವ ಕೆಲಸವನ್ನು ಕಿವಿಯಿಂದಾಗಿ ಬಿಡಬೇಕಾಗಿ ಬಂದವಳು, ಒಂದೇ ಸಾಲು ಬರೆದಳು: "ಮೇಡಂ, ಮೊದಲು ಯಾರಿಗೆ ಮಾಡುತ್ತೀರಿ? ನಿಮ್ಮ ಮನೆಯವರಿಗಾ?"

ತೇಜಸ್ವಿನಿಗೆ ಮುಖಕ್ಕೆ ಹೊಡೆದಂತಾಯಿತು. ಆದರೆ ಆ ಹೆಂಗಸಿನ ಜಾಗದಲ್ಲಿದ್ದರೆ ತಾನೂ ಕೇಳುತ್ತಿದ್ದೆನೆಂದು ಅನ್ನಿಸಿತು.

"ಅವರಿಗೆ ಎಲ್ಲರಿಗಿಂತ ಕೊನೆಗೆ. ಯಂತ್ರ ಅಲ್ಲೀತನ ಉಳಿದರೆ" ಎಂದು ಉತ್ತರ ಕೊಟ್ಟಳು.

ಮನೆಗೆ ಬಂದು ನಿರಂಜನನಿಗೆ ಅದನ್ನು ಬರೆದು ತೋರಿಸಿದಳು. ಅವನು ಎರಡು ಸಲ ಓದಿದ.

"ನನ್ನ ಒಂದು ಮಾತು ಕೇಳಿದ್ರ ಆಗ್ತಿತ್ತು" ಎಂದ. ಆಮೇಲೆ, "ಕೇಳಿದ್ರೂ ಇದನ್ನ ಹೇಳ್ತಿದ್ದೆ, ಬಿಡು" ಎಂದು ಪಾಟಿ ತಿರುಗಿಸಿ ಇಟ್ಟ.

*

ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಫರ್ಹಾನ್ ಮುಲ್ಲಾ ಎಂಬ ಅಧ್ಯಾಪಕನಿದ್ದ, ತೇಜಸ್ವಿನಿಯ ಹಳೆಯ ಸಹಪಾಠಿ. ಅವನು ವಿಷಯ ಕೇಳಿ ಮೊದಲು ನಕ್ಕ.

"ಕಿವಿ ಸಾಫ್ಟ್‌ವೇರಿನ ಬೀಗ ಮುರಿ ಅಂದಿದ್ರ ನಾ ಕೈ ಹಚ್ಚತಿರ್ಲಿಲ್ಲ. ಒಂದು ಲೆಕ್ಕ ತಪ್ಪಿದ್ರ ಮನಶ್ಯಾನ ನರ ಸುಡ್ತೈತಿ. ಮಗ್ಗದ್ದು ಬ್ಯಾರೆ. ತಪ್ಪಿದ್ರ ಒಂದು ಹೂವು ಸೊಟ್ಟ ಬರ್ತೈತಿ, ಅಷ್ಟ. ಮಾಡೂಣು."

ಉಪಾಯ ಕಷ್ಟದ್ದಾಗಿರಲಿಲ್ಲ. ಲ್ಯಾಪ್‌ಟಾಪಿನಿಂದ ಮಗ್ಗಕ್ಕೆ ಹೋಗುವ ತಂತಿಯ ನಡುವೆ ಒಂದು ಸಣ್ಣ ಪೆಟ್ಟಿಗೆ ಕೂಡಿಸುವುದು. ಮಗ್ಗ ನಡೆಯುವಾಗ ಆ ಪೆಟ್ಟಿಗೆ ಸುಮ್ಮನೆ ಕದ್ದು ಕೇಳುತ್ತದೆ. ಯಾವ ಸಾಲಿಗೆ ಯಾವ ಎಳೆ ಎದ್ದಿತು ಎಂಬುದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಆಮೇಲೆ ಲ್ಯಾಪ್‌ಟಾಪ್ ತೆಗೆದರೂ ಅದೇ ಹಾಡನ್ನು ಮಗ್ಗಕ್ಕೆ ಹೇಳುತ್ತದೆ. ಯಾವ ಭಂಡಾರಕ್ಕೂ ಅದರ ಸಂಪರ್ಕವಿಲ್ಲ. ಆದರೆ ಒಂದೊಂದು ವಿನ್ಯಾಸವನ್ನೂ ಒಮ್ಮೆಯಾದರೂ ನಿಜವಾಗಿ ನೇಯಲೇಬೇಕು. ಅನ್ನಪೂರ್ಣಾ, ಅವಳ ತಾಯಿ, ಇಬ್ಬರೂ ಜೀವಮಾನವಿಡೀ ಬರೆದ ವಿನ್ಯಾಸಗಳು ಅವು.

ಚಳಿಗಾಲ ಕಳೆದು ಬೇಸಿಗೆ ಬಂತು. ವಾರದ ರಜೆಗಳೆಲ್ಲ ಬಸ್ಸಿನಲ್ಲೇ ಮುಗಿದವು. ಫರ್ಹಾನ್ ಬರಲಾಗದ ವಾರ ತೇಜಸ್ವಿನಿ ಒಬ್ಬಳೇ ಹೋಗುತ್ತಿದ್ದಳು. ಮಗ್ಗದ ಸದ್ದಿನ ಮೇಲೆ ಮಾತಾಡಬೇಕೆಂದರೆ ಕೂಗಬೇಕು. ಸೋಮವಾರ ಕೇಂದ್ರದಲ್ಲಿ ಕುಳಿತರೆ ಕಿವಿಯೊಳಗೆ ಮಗ್ಗ ನಡೆಯುತ್ತಲೇ ಇರುತ್ತಿತ್ತು. ಬೇಸಿಗೆಯ ಸೆಖೆಗೆ ಲ್ಯಾಪ್‌ಟಾಪು ಮುಟ್ಟಲಾಗದಷ್ಟು ಕಾಯುತ್ತಿತ್ತು. ಅದನ್ನು ನೋಡಿದಾಗಲೆಲ್ಲ, ಈಗಿಂದೀಗ ಮಗ್ಗ ನಿಲ್ಲಿಸಿ, ಇದನ್ನು ಕೊಡಿ ಎಂದು ಹೇಳಬೇಕೆನಿಸುತ್ತಿತ್ತು. ಹೇಳಲಿಲ್ಲ.

ಕದ್ದು ಕೇಳಿ ಮುಗಿದ ಮೇಲೆ ಪೆಟ್ಟಿಗೆಯನ್ನೇ ಹಚ್ಚಿ ಮಗ್ಗ ನಡೆಸಿ ನೋಡಿದ ಮೊದಲ ದಿನ ಅನಾಹುತವಾಯಿತು. ಆನೆಹೆಜ್ಜೆ ಅರ್ಧ ಬಂದಿತ್ತು. ಇದ್ದಕ್ಕಿದ್ದಂತೆ ಪೆಟ್ಟಿಗೆಯ ತಾಳ ತಪ್ಪಿತು. ಎಳೆಗಳು ಏಳುವ ಮೊದಲೇ ಅಡ್ಡ ನೂಲಿನ ಲಾಳಿ ನುಗ್ಗಿತು. ಹಾಸಿನ ಎಳೆಗಳು ಪಟಪಟನೆ ಹರಿದವು. ಅನ್ನಪೂರ್ಣಾ ಓಡಿ ಬಂದು ಸ್ವಿಚ್ಚು ಆರಿಸುವಷ್ಟರಲ್ಲಿ ಒಂದು ಕಡೆಯ ಹಾಸೆಲ್ಲ ಗುಂಗುರಾಗಿ ಜೋತುಬಿದ್ದಿತ್ತು.

ಫರ್ಹಾನ್ ಪೆಟ್ಟಿಗೆ ಬಿಚ್ಚಿ ನೋಡುತ್ತ ನೆಲದ ಮೇಲೆ ಕುಳಿತ. ಅನ್ನಪೂರ್ಣಾ ಹರಿದ ರೇಷ್ಮೆಯನ್ನು ಕೈಯಲ್ಲಿ ಹಿಡಿದು ನೋಡಿದಳು.

"ತಪ್ಪಾತ್ರಿ ಅಕ್ಕಾರ" ಎಂದಳು ತೇಜಸ್ವಿನಿ.

"ತಪ್ಪು ಆತೋ ಬಿಡ್ತೋ, ಎಳಿ ಅಂತೂ ಕೂಡಿಸಬೇಕಲ್ರಿ. ಕೈ ತೊಳಕೊಂಡು ಬರ್ರಿ."

ಆ ದಿನ ಮತ್ತು ಮರುದಿನ ತೇಜಸ್ವಿನಿ ಆ ಇಬ್ಬರು ಹೆಂಗಸರ ನಡುವೆ ಮಣೆ ಹಾಕಿಕೊಂಡು ಕುಳಿತು ಹರಿದ ಎಳೆಗೆ ಎಳೆ ಸೇರಿಸಿ ಬೆರಳಿನಿಂದ ಹೊಸೆದಳು. ಅವರು ಹತ್ತು ಎಳೆ ಕೂಡಿಸುವಾಗ ಅವಳದು ಒಂದು. ಎಳೆ ಜಾರದಿರಲೆಂದು ಬೂದಿ ಹಚ್ಚಿಕೊಂಡ ಬೆರಳ ತುದಿ ಒಡೆದು ಉರಿಯತೊಡಗಿತು. ಬೆನ್ನು ಸೆಟೆದುಕೊಂಡಿತು. ಪಕ್ಕದಲ್ಲಿ ಕುಳಿತವಳು ಸುಶೀಲಾ ಎಂದು. ಅವಳು ತೇಜಸ್ವಿನಿ ಕೂಡಿಸಿದ್ದನ್ನು ಎಳೆದು ನೋಡಿ, ಬಿಚ್ಚಿಕೊಂಡದ್ದನ್ನು ಮತ್ತೆ ತಾನೇ ಹೊಸೆಯುತ್ತಿದ್ದಳು.

"ಈ ಹೊಸಾ ಪೆಟಗಿ ಕೆಲಸಾ ಮಾಡ್ತೈತೇನ್ರಿ, ಖರೇ?" ಎಂದು ಒಮ್ಮೆ ಕೇಳಿದಳು.

"ಗೊತ್ತಿಲ್ಲವ್ವಾ. ಮಾಡ್ಬೇಕು" ಎಂದಳು ತೇಜಸ್ವಿನಿ. ಅದಕ್ಕಿಂತ ಹೆಚ್ಚಿನ ಧೈರ್ಯ ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಸುಶೀಲಾ ತಲೆದೂಗಿ ಕೆಲಸ ಮುಂದುವರಿಸಿದಳು.

ದೋಷ ಸಿಕ್ಕಿತು. ಮಗ್ಗ ಬಿಸಿಯಾದಂತೆ ಅದರ ವೇಗ ಕೂದಲೆಳೆಯಷ್ಟು ಬದಲಾಗುತ್ತಿತ್ತು. ಲ್ಯಾಪ್‌ಟಾಪು ಪ್ರತಿ ಸಾಲಿಗೂ ಮಗ್ಗವನ್ನು 'ಆಯಿತೇ' ಎಂದು ಕೇಳಿ ಮುಂದುವರಿಯುತ್ತಿತ್ತು. ಪೆಟ್ಟಿಗೆ ಕೇಳದೆ ಹೇಳುತ್ತ ಹೋಗುತ್ತಿತ್ತು. ಫರ್ಹಾನ್ ಅದಕ್ಕೂ ಕೇಳುವುದನ್ನು ಕಲಿಸಿದ. ಆಮೇಲೆ ಒಂದು ವಾರ, ಎರಡು ವಾರ, ಒಂದು ತಿಂಗಳು ಪೆಟ್ಟಿಗೆ ಮಗ್ಗ ನಡೆಸಿತು. ಹೊಸ ಹೂವು ಬರೆಯುವುದಕ್ಕೂ ಅವನು ಒಂದು ಸಣ್ಣ ಪರದೆ ಜೋಡಿಸಿಕೊಟ್ಟ. ಅನ್ನಪೂರ್ಣಾ ಅದರ ಮೇಲೆ ಒಂದು ಎಲೆ ಬರೆದು, ನೇಯ್ದು, ಬಟ್ಟೆಯನ್ನು ತಿರುವಿ ಮುರುವಿ ನೋಡಿದಳು.

ಅಷ್ಟರಲ್ಲಿ ಕಿಶೋರ ಪತ್ತಾರ ಪುಣೆಯವರ ಇನ್ನೂ ದೊಡ್ಡ ಬೆಲೆ ಹೊತ್ತು ಬಂದಿದ್ದ. ಈಗಂತೂ ಮಗ್ಗಕ್ಕೆ ಅದು ಬೇಕಾಗಿಲ್ಲವಲ್ಲ ಎಂದು ಕೇಳಿದನಂತೆ. ಅನ್ನಪೂರ್ಣಾ ಅವನಿಗೆ ಚಹಾ ಕೊಟ್ಟು ಕಳಿಸಿದ್ದಳು. ಲ್ಯಾಪ್‌ಟಾಪನ್ನು ಗೋಡೆಯ ಮೊಳೆಯಿಂದ ಬಿಚ್ಚಿ, ಹಳೆಯ ಖಣದಲ್ಲಿ ಸುತ್ತಿ ತೇಜಸ್ವಿನಿಯ ಕೈಗೆ ಕೊಡುವಾಗ ಮಾತ್ರ ಅವಳು ಒಂದು ಗಳಿಗೆ ಬಿಡಲಿಲ್ಲ.

"ಮನಿ ಕಟ್ಟಿಸುವಷ್ಟು ರೊಕ್ಕಾ ಇದು, ತಂಗಿ" ಎಂದಳು. "ನೀವು ಬೆರಳು ಒಡಕೊಂಡು ಎಳಿ ಹೊಸಿಲಾರದಿದ್ರ ನಾ ಏನ್ ಮಾಡ್ತಿದ್ನೋ ನನಗೂ ಗೊತ್ತಿಲ್ಲ. ಹೋಗ್ರಿ, ಬಸ್ ತಪ್ಪತೈತಿ."

*

ಮಳೆಗಾಲ ಪೂರ್ತಿ ಆ ಮುರುಕು ಲ್ಯಾಪ್‌ಟಾಪು ಕೇಂದ್ರದಲ್ಲಿ, ಹೊರಗಿನ ಸದ್ದು ಬಾರದಂತೆ ಸ್ಪಂಜು ಹೊದಿಸಿದ ಕೋಣೆಯಲ್ಲಿ ಕೆಲಸ ಮಾಡಿತು. ಗದಗಿನ ಶಿಕ್ಷಕಿ ಮೊದಲು ಬಂದಳು. ಸಣ್ಣ ಸದ್ದು ಕೇಳಿದಾಗ ಬೆರಳೆತ್ತಬೇಕು; ಎತ್ತಿದಳು, ಎತ್ತಲಿಲ್ಲ, ಮತ್ತೆ ಎತ್ತಿದಳು. ಕಂಬಗಳನ್ನು ಒಂದೊಂದಾಗಿ ಏರಿಸಿ ಇಳಿಸಿ, ಕೊನೆಗೆ ಎಲ್ಲವನ್ನೂ ಒಟ್ಟಿಗೆ ಬಿಟ್ಟಾಗ ಅವಳು ಬೆಚ್ಚಿದಳು. "ನಿಮ್ಮ ಫ್ಯಾನ್ ಸಪ್ಪಳಾ ಮಾಡಾಕತ್ತೈತ್ರಿ" ಎಂದು ಅತ್ತಳು. ಆಮೇಲೆ ಬೇರೆಯವರು ಬಂದರು. ಒಬ್ಬನಿಗೆ ಏನೂ ಆಗಲಿಲ್ಲ. ಅವನ ನರ ಆಗಲೇ ಸೋತಿತ್ತು. ಅವನು ಕೈಮುಗಿದು ಎದ್ದುಹೋದ. ಅವನ ಬೆನ್ನು ನೋಡುತ್ತ ಕುಳಿತ ತೇಜಸ್ವಿನಿಗೆ ಆ ದಿನ ಇನ್ನೊಬ್ಬರನ್ನು ಒಳಗೆ ಕರೆಯಲಾಗಲಿಲ್ಲ.

ನಿರಂಜನನ ಸರದಿ ಬರುವಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆಯ ಅರ್ಧ ಭಾಗ ಕಾಣದಾಗಿತ್ತು. ಎಡಗಡೆಯ ಕಂಬಗಳನ್ನು ಅವಳು ನೆನಪಿನಿಂದಲೇ ಸರಿಪಡಿಸಬೇಕಿತ್ತು. ಖಾನಾವಳಿಗೆ ರಜೆ ಹಾಕಿ ಅವನು ಬಂದು ಕುಳಿತ. ಒಂದೂವರೆ ವರ್ಷದಿಂದ ಡಬ್ಬಿಯಲ್ಲಿದ್ದ ಬಿಲ್ಲೆಯನ್ನು ಕಿವಿಯ ಹಿಂದೆ ಇಟ್ಟುಕೊಂಡ.

ಮೂರು ಸಲ ಕೂರಬೇಕಾಯಿತು. ಮೊದಲ ಸಲ ಬರೀ ನೋವು. ಎರಡನೆಯ ಸಲ ಅವನು ಹಲ್ಲು ಕಚ್ಚಿಕೊಂಡು ಬೆರಳೆತ್ತುತ್ತ ಹೋದ. ಮೂರನೆಯ ಸಲ, ಸಂಜೆಯ ಹೊತ್ತಿಗೆ, ಲ್ಯಾಪ್‌ಟಾಪಿನಿಂದ ಸುಟ್ಟ ವಾಸನೆ ಬರತೊಡಗಿದಾಗ, ಅವಳು ಇನ್ನು ತಡಮಾಡಬಾರದೆಂದು ಎಲ್ಲ ತಂತಿಗಳನ್ನೂ ಒಟ್ಟಿಗೆ ತೆರೆದಳು. ಲೆಕ್ಕವನ್ನು ಬಿಲ್ಲೆಯೊಳಗೆ ಭದ್ರ ಮಾಡುವ ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಫ್ಯಾನು ನಿಂತಿತು. ಭದ್ರವಾಯಿತೋ ಇಲ್ಲವೋ ತಿಳಿಯುವ ಮೊದಲೇ ಯಂತ್ರ ಹೋಗಿತ್ತು.

ಅವಳು ಅವನ ಎದುರು ಬಂದು ನಿಂತಳು. ಪಾಟಿಯನ್ನು ಕೈಗೆತ್ತಿಕೊಳ್ಳಲಿಲ್ಲ.

"ನಿರಂಜನ" ಎಂದಳು. "ಕೇಳಸ್ತದೇನು? ಏನರ ಕೇಳಸ್ತದೇನು ನಿನಗ? ಸಾಫ್ ಐತೋ, ತಗಡು ಕೆರದಂಗ ಐತೋ? ಸಾಕಾಗೂವಷ್ಟು ಇಲ್ಲಂದ್ರ ಹೇಳು, ಫರ್ಹಾನಗ ಹೇಳಿ ಇದನ್ನ ಮತ್ತ ಬಿಚ್ಚಿಸಿ ನೋಡ್ತೀನಿ, ಏನರ ಮಾಡ್ತೀನಿ. ಸುಮ್ನ ಕುಂದ್ರಬ್ಯಾಡ, ಹೇಳು."

ಅವನು ಅವಳನ್ನೇ ನೋಡುತ್ತಿದ್ದ. ತುಟಿಯನ್ನಲ್ಲ, ಮುಖವನ್ನು. ಒಂದೂವರೆ ವರ್ಷದಿಂದ ಅವನು ಯಾರು ಮಾತಾಡಿದರೂ ತುಟಿಯನ್ನೇ ನೋಡುತ್ತಿದ್ದ.

"ನಿನ್ನ ದನಿ ಹಿಂಗಿರ್ಲಿಲ್ಲ" ಎಂದ ಮೆಲ್ಲಗೆ.

"ಸರಿಯಾಗಿ ಕೇಳವಲ್ದೇನು?"

"ಕೇಳಾಕತ್ತೈತಿ. ಚಂದಂಗ ಕೇಳಾಕತ್ತೈತಿ." ಅವನು ಕೈ ಹಿಡಿದು ಪಕ್ಕದ ಕುರ್ಚಿಗೆ ಅವಳನ್ನು ಎಳೆದು ಕೂರಿಸಿದ. "ದಣದೈತಿ ಅದು. ಎಷ್ಟು ದಣದೈತಿ ಅಂತ ನನಗ ಗೊತ್ತ ಇರ್ಲಿಲ್ಲ. ಇನ್ನ ಏನೂ ಹೇಳಬ್ಯಾಡ. ಸ್ವಲ್ಪ ಹೊತ್ತು ಸುಮ್ನ ಕುಂದ್ರು."

ಅವಳು ಕುಳಿತಳು. ಹೊರಗೆ ಮಳೆ ನಿಂತಿತ್ತೋ ಇಲ್ಲವೋ ಆ ಕೋಣೆಯೊಳಗಿಂದ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನಿರಂಜನ ಎದ್ದು ಹೋಗಿ ಬಾಗಿಲು ತೆರೆದ. ಓಣಿಯ ಸದ್ದು ಒಳಗೆ ಬಂತು: ತರಕಾರಿಯವಳ ಕೂಗು, ಯಾವುದೋ ಗಾಡಿಯ ಹಾರ್ನು, ಚರಂಡಿಯಲ್ಲಿ ಹರಿಯುವ ನೀರು. ಅವನು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದ. ತೇಜಸ್ವಿನಿ ಕುರ್ಚಿಯಲ್ಲಿ ಕುಳಿತಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದಳು. ಅವಳ ಉಸಿರು ಸಣ್ಣಗೆ ಸದ್ದು ಮಾಡುತ್ತಿತ್ತು. ಅವನು ಬಾಗಿಲನ್ನು ಮತ್ತೆ ಮೆಲ್ಲಗೆ ಮುಚ್ಚಿ, ಆ ಸದ್ದನ್ನು ಕೇಳುತ್ತ ಕುಳಿತ.